ಬಿಕ್ಕಳಿಕೆ ಯಾವ ಇಲಾಖೆಯದು?

ಗಂಡು ಸರ್ಕಾರಿ ನೌಕರಿಯಲ್ಲಿದ್ದಾನೆ ಅಂದರೆ ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ಸಂಬಳ ಎಷ್ಟು ಅಂತ ಕೇಳುವುದಿಲ್ಲ, ನೋವು ಎಲ್ಲಿ ಅಂತ ಕೇಳುತ್ತಾರೆ. ಹಿಮ್ಮಡಿ ಅಂದರೆ ರಸ್ತೆ ಇಲಾಖೆ. ಬಾಯಾರಿಕೆ ಅಂದರೆ ನೀರಿನವರು. ಆಗಾಗ ಕಣ್ಣು ಮಂಜಾಗುತ್ತೆ ಅಂದರೆ ಬೀದಿದೀಪ. "ಹುಡುಗನಿಗೆ ಸ್ವಲ್ಪ ಮೂಗು..." ಅಂತ ಯಾರಾದರೂ ಎಳೆದರೆ ಮುಗಿಯಿತು, ಚರಂಡಿ ಅಂತ ಬಿಡಿಸಿ ಹೇಳುವ ಮೊದಲೇ ಹುಡುಗಿಯ ತಾಯಿ ಎದ್ದು ಕಾಫಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋಗಿರುತ್ತಾಳೆ.

ಯಾವ ಇಲಾಖೆಯ ಕುರ್ಚಿಯಲ್ಲಿ ಕೂತರೋ ಊರಿನ ಆ ತೊಂದರೆ ಮೈಗೆ ಹತ್ತುತ್ತದೆ, ಅಷ್ಟೇ. ಎಲ್ಲೋ ಒಂದು ಗುಂಡಿ ಬಿದ್ದರೆ ರಸ್ತೆ ಇಲಾಖೆಯ ಕಾಳಪ್ಪನವರ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕ ಹಾಗಾಗುತ್ತದೆ. ಗುಂಡಿ ಮುಚ್ಚುವ ತನಕ ಹೋಗುವುದಿಲ್ಲ. ಹಾಗಾಗಿ ಗುಂಡಿ ಮುಚ್ಚಿಸಿ ಅಂತ ನಮ್ಮೂರಲ್ಲಿ ಯಾರೂ ಧರಣಿ ಕೂರುವುದಿಲ್ಲ. ಕಾಳಪ್ಪನವರೇ ಕುಂಟಿಕೊಂಡು ಬೀದಿ ಬೀದಿ ಅಲೆಯುತ್ತಾರೆ, "ಎಲ್ರಪ್ಪಾ ಬಿದ್ದಿರೋದು, ತೋರ್ಸ್ರೋ, ಪ್ರಾಣ ಹೋಗ್ತೈತೆ" ಅಂತ. ನಮ್ಮ ಗುಂಡತ್ತೆ, ಅಂದರೆ ಅಪ್ಪನ ಅಕ್ಕ ಗುಂಡಮ್ಮ, ನೀರಿನ ಇಲಾಖೆಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದವರು. ಮದುವೆ ಮನೆ ಇರಲಿ ಮಠ ಇರಲಿ, ಕಂಕುಳಲ್ಲಿ ಒಂದು ಚೊಂಬು. ನಿವೃತ್ತಿಯಾದ ದಿನ ಸಂಜೆ ಮನೆಗೆ ಬಂದವರೇ ಗೋಡೆಗೊರಗಿ ಕೂತು ಹುರಿಗಾಳು, ಚಕ್ಕುಲಿ, ಒಣ ಅವಲಕ್ಕಿ ಎಲ್ಲವನ್ನೂ ಒಂದು ಗುಟುಕು ನೀರಿಲ್ಲದೆ ತಿಂದರು. "ವನಜಿ, ಒಣಗಿದ್ದು ತಿಂದು ಎಷ್ಟು ಕಾಲ ಆಗಿತ್ತೇ!" ಅಂತ ಅವರು ಹೇಳುವಾಗ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನಮಗೆಲ್ಲ ನಗು.

ವನಜಿ ಅಂದರೆ ನಾನು, ವನಜಾಕ್ಷಿ. ನನಗೆ ಚಿಕ್ಕಂದಿನಿಂದಲೂ ಸರ್ಕಾರಿ ಕುರ್ಚಿಯ ಹುಚ್ಚು. ಆದರೆ ಅಮ್ಮ ಬೇಗ ಹೋದಳು, ಇಬ್ಬರು ತಮ್ಮಂದಿರು ಸಣ್ಣವರು. ರವಿಕೆ ಹೊಲಿದು ಅವರನ್ನು ಓದಿಸಿದೆ, ಅವರಿಗೆ ಮದುವೆ ಮಾಡಿ ಹೆಂಡಂದಿರನ್ನು ತಂದೆ. ಆಮೇಲೆ ಅವರ ಹಳೆ ಪುಸ್ತಕಗಳನ್ನೇ ಹೊಲಿಗೆ ಮಿಷಿನ್ನಿನ ಮೇಲೆ ತೆರೆದಿಟ್ಟುಕೊಂಡು, ಪೆಡಲು ತುಳಿಯುತ್ತಲೇ ಓದಿ ಪರೀಕ್ಷೆ ಪಾಸು ಮಾಡಿದೆ. ಅಷ್ಟು ಹೊತ್ತಿಗೆ ವಯಸ್ಸಿನ ಮಿತಿ ನನ್ನ ಹಿಂದೆಯೇ ಬಂದು ನಿಂತಿತ್ತು. ಈ ಸಲದ ಕೂರುವ ವಾರ ತಪ್ಪಿದರೆ ಮತ್ತೆ ನನಗೆ ಕೂರುವ ವಾರ ಇಲ್ಲ.

ಕೂರುವ ವಾರ ನಮ್ಮೂರಿನ ಪದ್ಧತಿ. ಪರೀಕ್ಷೆ ಪಾಸಾದವರು ಸೋಮವಾರದಿಂದ ಶುರು ಮಾಡಿ ದಿನಕ್ಕೊಂದು ಇಲಾಖೆಯ ಕುರ್ಚಿಯಲ್ಲಿ ಕೂತು ನೋಡಬೇಕು. ಯಾವ ಕುರ್ಚಿಯ ನೋವು ಹಿಡಿಯುತ್ತದೋ ಅಲ್ಲಿ ಕೆಲಸ. ಶನಿವಾರ ಅಮಲ್ದಾರರ ಮುಂದೆ ನಿಂತು ಹೇಳಬೇಕು. ಏನೂ ಹಿಡಿಯದಿದ್ದರೆ ಕೈಮುಗಿದು ಮನೆಗೆ. ಆ ವಾರ ಊರಿನವರೆಲ್ಲ ಸಲಹೆಗಾರರಾಗಿಬಿಡುತ್ತಾರೆ. ಸೊಪ್ಪು ಮಾರುವ ಪುಟ್ಟತಾಯಿ, "ಉದ್ಯಾನವನ ತಗೋ ಕಣವ್ವ. ಗಿಡ ಬಾಡಿದ್ರೆ ಮೈ ಒಂಚೂರು ತುರಿಸ್ತದೆ, ಇನ್ನೇನಿಲ್ಲ, ಕೆರ್ಕೊಂಡು ಇದ್ಬುಡಬೌದು" ಅಂದಳು. ದೊಡ್ಡ ನಾದಿನಿ, "ತೂಕದ ಇಲಾಖೆ ಬೇಡ ಅಕ್ಕಾ. ಯಾರು ತಕ್ಕಡಿ ಒತ್ತಿದ್ರೂ ಅವರ ಎಡಭುಜ ಇಳಿಯುತ್ತೆ. ಸಂತೆ ದಿನ ಆ ಮನುಷ್ಯ ಗೋಡೆ ಹಿಡ್ಕೊಂಡು ನಡೀತಾರೆ" ಅಂದಳು. ಚಿಕ್ಕ ನಾದಿನಿಗೆ ಜನನ ಮರಣದ ಇಲಾಖೆಯ ಹೆದರಿಕೆ. "ಆಯಮ್ಮ ಮೊನ್ನೆ ಸಾವಿನ ಮನೇಲಿ ಕಿಲಕಿಲ ಅಂತ ನಕ್ಬಿಟ್ರಂತೆ. ಪಕ್ಕದ ಬೀದೀಲಿ ಅವಳಿ ಮಕ್ಕಳು ಹುಟ್ಟಿದ್ವು, ಪಾಪ ಅವರೇನು ಮಾಡ್ತಾರೆ?"

ಸೋಮವಾರ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು ಕಚೇರಿಗೆ ಹೋದೆ. ಮೊದಲ ದಿನ ರಸ್ತೆ ಇಲಾಖೆ. ಕಾಳಪ್ಪನವರು ಇನ್ನೂ ಬಂದಿರಲಿಲ್ಲ, ದಾರಿಯಲ್ಲಿ ಎಲ್ಲೋ ಹಿಮ್ಮಡಿ ಹಿಡಿದುಕೊಂಡು ಕೂತಿದ್ದರಂತೆ. ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದ ಜನರ ನಡುವೆ ನಾನೂ ಕೂತು ಕಾದೆ. ಅವರು ಬಂದಮೇಲೆ ಒಳಗೆ ಹೋಗಿ, ಕುರ್ಚಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತೆ. ಕೂತು ಉಸಿರು ಬಿಟ್ಟಿಲ್ಲ, ಹಿಕ್ ಅಂತು. ಮತ್ತೆ ಹಿಕ್. ಕಾಳಪ್ಪನವರ ಮುಖ ಅರಳಿತು. "ಹಿಡೀತು! ಹಿಡೀತು ಕಣ್ರೋ!"

ಬೇರೆ ಊರಾಗಿದ್ದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಹೇಳಿ, ಒಂದು ಲೋಟ ನೀರು ಕೊಟ್ಟು ಸುಮ್ಮನಾಗುತ್ತಿದ್ದರು. ನಮ್ಮೂರಿನವರು ಹಾರೆ ತಂದರು.

"ಬಿಕ್ಕಳಿಸೋ ರಸ್ತೆ ಅಂದ್ರೆ ಉಬ್ಬು ಇರೋ ರಸ್ತೆ" ಅಂತ ಕಾಳಪ್ಪನವರು ತೀರ್ಮಾನ ಮಾಡಿ ನನ್ನನ್ನು ಮುಂದೆ ಬಿಟ್ಟುಕೊಂಡು ಊರು ಸುತ್ತಿದರು, ಹಿಂದೆ ಹಾರೆ ಹಿಡಿದ ಆಳುಗಳು. ಕುಂಬಾರ ಬೀದಿಯ ಉಬ್ಬಿನ ಹತ್ತಿರ ಬಂದಾಗ ಜೋರಾಗಿ ಒಂದು ಹಿಕ್ ಬಂತು. ಸರಿ, ಆ ಉಬ್ಬನ್ನು ಒಡೆದು ಸಮ ಮಾಡಿದರು. ಅಷ್ಟರಲ್ಲಿ ಊಟದ ಹೊತ್ತಾಯಿತು, ಬಿಕ್ಕಳಿಕೆಯೂ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಊಟ ಮುಗಿಸಿ ಕಚೇರಿ ಬಾಗಿಲು ತೆರೆದ ಕೂಡಲೇ ಮತ್ತೆ ಹಿಕ್. "ಇನ್ನೊಂದು ಉಬ್ಬು ಐತೆ!" ಅಂತ ಕಾಳಪ್ಪನವರು ಸಂತೋಷದಿಂದ ಎದ್ದರು. ಎದ್ದವರು "ಅಯ್ಯಪ್ಪಾ" ಅಂತ ಕಾಲು ಹಿಡಿದುಕೊಂಡು ಅಲ್ಲೇ ಕುಸಿದರು. ಗಾಣದ ಬೀದಿಯಲ್ಲಿ ಗಾಡಿಯ ಚಕ್ರ ಇಳಿದು ದೊಡ್ಡ ಗುಂಡಿ ಬಿದ್ದಿತ್ತು. ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಹಿಮ್ಮಡಿಗೆ ಏನೂ ಆಗಲಿಲ್ಲ. ಒಂದು ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಆದರೆ ಅದನ್ನು ಯಾರೂ ನನ್ನ ಕೇಳಲಿಲ್ಲ.

ಮಂಗಳವಾರ ನೀರಿನ ಇಲಾಖೆ. ಗುಂಡತ್ತೆಯ ಜಾಗ ಇನ್ನೂ ಖಾಲಿ ಇತ್ತು. ಅವರ ಪಾಲಿನ ಬಾಯಾರಿಕೆಯನ್ನೂ ತಮ್ಮದನ್ನೂ ಒಬ್ಬರೇ ಕುಡಿಯುತ್ತಿದ್ದ ಸಣ್ಣರಂಗಯ್ಯನವರು ಎರಡೂ ಕೈಯಲ್ಲಿ ಒಂದೊಂದು ಚೊಂಬು ಹಿಡಿದೇ ನನ್ನನ್ನು ಸ್ವಾಗತಿಸಿದರು. ಕೂತೆ. ಹಿಕ್. ಅವರು ಚೊಂಬು ಕೆಳಗಿಟ್ಟು ಕೈಮುಗಿದರು. "ತಾಯಿ, ಇದು ಕೊಳವೇಲಿ ಏನೋ ಸಿಕ್ಕಿರೋ ಲಕ್ಷಣ." ಎರಡು ಕಡೆ ಅಗೆಸಿದರು. ಎರಡನೇ ಕಡೆ ಕೊಳವೆಯಿಂದ ಯಾವುದೋ ಮಗುವಿನ ಬುಗುರಿ ಹೊರಬಂತು. ಸಣ್ಣರಂಗಯ್ಯನವರು ಬುಗುರಿಯನ್ನು ಎತ್ತಿ ಹಿಡಿದು ಇಡೀ ಬೀದಿಗೆ ತೋರಿಸಿದರು. "ನೋಡಿದ್ರಾ? ಬುಗುರಿ! ಬಿಕ್ಕಳಿಕೆ ಬರದೆ ಆಕಳಿಕೆ ಬರ್ತದಾ?" ನನಗೆ ಇಡೀ ದಿನ ಒಂದು ಸಲವೂ ಬಾಯಿ ಒಣಗಲಿಲ್ಲ.

ಬುಧವಾರ ಬೀದಿದೀಪದ ಮಹದೇವಮ್ಮನವರು ಬಾಗಿಲಲ್ಲೇ ನನ್ನ ಕೈ ಹಿಡಿದರು. ಅವರು ದಪ್ಪ ಗಾಜಿನ ಕನ್ನಡಕದವರು, ಮೂರು ಬೀದಿ ಕತ್ತಲಾದರೆ ಎದುರಿಗಿದ್ದವರು ಯಾರು ಅಂತ ಮುಟ್ಟಿ ನೋಡುವವರು. "ನಂಗೆ ಆಗಲೇ ಸುದ್ದಿ ಬಂತು. ಬಿಕ್ಕಳಿಕೆ ಅಂದ್ರೆ ಮಿಣುಕು ದೀಪ, ಅಷ್ಟೂ ಗೊತ್ತಾಗಲ್ವಾ ಆ ಗಂಡಸರಿಗೆ?" ಅಂದರು. ಹುಡುಕಿದರೆ ಮಿಣುಕುವ ದೀಪ ಸಿಗದ ಊರು ಯಾವುದಿದೆ? ಸಿಕ್ಕಿತು. ಸಂಜೆಯ ಹೊತ್ತಿಗೆ ನಾನು ಮೂರು ಇಲಾಖೆಗಳಿಗೆ ಬೇಕಾದವಳಾಗಿಬಿಟ್ಟಿದ್ದೆ. ಮನೆಯಲ್ಲಿ ನಾದಿನಿಯರು ಶ್ಯಾವಿಗೆ ಪಾಯಸ ಮಾಡಿದರು. ಪಾಯಸ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಆದರೆ ಒಂದು ಯೋಚನೆ ಮಾತ್ರ ಇಳಿಯಲಿಲ್ಲ. ರಸ್ತೆ ಕುರ್ಚಿಯಲ್ಲಿ ಕೂತು ಹಿಮ್ಮಡಿ ನೋಯದವಳು, ನೀರಿನ ಕುರ್ಚಿಯಲ್ಲಿ ಬಾಯಾರದವಳು, ದೀಪದ ಕುರ್ಚಿಯಲ್ಲಿ ಕಣ್ಣು ಮಂಜಾಗದವಳು. ಇವಳು ಯಾರು?

ಗುರುವಾರ ಜನನ ಮರಣದ ಇಲಾಖೆಗೆ ಅಂತ ಹೋದವಳಿಗೆ ವರಾಂಡದಲ್ಲೇ ಬಿಕ್ಕಳಿಕೆ ಎಷ್ಟು ಜೋರಾಯಿತು ಅಂದರೆ, ಬೆಂಚಿನ ತುದಿಯಲ್ಲಿ ಕೂತಿದ್ದ ಈರಮ್ಮಜ್ಜಿ ನನ್ನ ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬೆನ್ನು ಸವರಿದಳು. "ಯಾರೋ ನಿನ್ನ ಬಾಳ ನೆನೀತಾವ್ರೆ ಕಣ್ಮಗ" ಅಂದಳು. ನಾಲ್ಕು ದಿನದಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ.

ನನ್ನದು ಸುಮ್ಮನಿರುವ ಬಾಯಲ್ಲ. "ನೀನ್ಯಾಕಜ್ಜಿ ಬಂದೆ?" ಅಂತ ಕೇಳಿದೆ.

"ಸಂಡಿಗೆ ಒಣಗಿಸೋಕೆ."

"ಕಚೇರೀಲಾ?"

"ಕಚೇರಿ ಮಾಳಿಗೆ ಮ್ಯಾಲೆ. ನಮ್ಮನೆ ಅಂಗಳಕ್ಕೆ ಎದುರುಮನೆಯೋರು ಮಹಡಿ ಎತ್ತಿ ಬಿಸಿಲೇ ಇಲ್ದಂಗಾಗೈತೆ. ಹೋದ ಬ್ಯಾಸ್ಗೆಯಿಂದ ಕೇಳ್ತಿವ್ನಿ. ರಸ್ತೆಯೋರು ಮಾಳಿಗೆ ರಸ್ತೆ ಅಲ್ಲ ಅಂತಾರೆ. ನೀರಿನೋರು ಸಂಡಿಗೆಗೂ ನಮಗೂ ಏನು ಸಂಬಂಧ ಅಂತಾರೆ. ನಿಜ ತಾನೇ, ಅವರಿಗೇನು ನೋಯ್ತದೆ ಪಾಪ? ಅದಕ್ಕೆ ಇಲ್ಲಿ ಕುಂತ್ಕೊಂಡು, ಕೇಳೋರು ಯಾರಾದ್ರೂ ಬರ್ತಾರೇನೋ, ಬರ್ತಾರೇನೋ ಅಂತ ನೆನೀತಿರ್ತೀನಿ."

"ಅಜ್ಜಿ, ಮಾಳಿಗೆ ಬೀಗದ ಕೈ ಮಹದೇವಮ್ಮನವರ ಸೊಂಟದಲ್ಲಿದೆ. ದೀಪ ನೋಡೋಕೆ ಅವರೇ ಮೇಲೆ ಹತ್ತೋದು. ನಿನ್ನೆ ನಾನೇ ನೋಡಿದೆ. ಹೋಗಿ ನಿನ್ನ ಸಂಡಿಗೆಯಲ್ಲಿ ಅವರಿಗೂ ಒಂದು ಪಾಲು ಅನ್ನು, ಕೈ ಹಿಡ್ಕೊಂಡು ಮೇಲೆ ಕರ್ಕೊಂಡು ಹೋಗ್ತಾರೆ" ಅಂದೆ. ಅಜ್ಜಿ ಎದ್ದು ಹೋದಳು. ಬಿಕ್ಕಳಿಕೆ ಅರ್ಧಕ್ಕೆ ಇಳಿಯಿತು.

ನಾನು ಎದೆ ಮುಟ್ಟಿ ನೋಡಿಕೊಂಡೆ. ಆಮೇಲೆ ಪಕ್ಕದವನ ಕಡೆ ತಿರುಗಿದೆ. ಮುದ್ದಪ್ಪ ಅಂತ, ಬಾಗಿಲ ಮುಂದಿನ ಬಂಡೆಗಲ್ಲು ಎಡವಿ ಎಡವಿ ಮನೆಮಂದಿಗೆಲ್ಲ ಹೆಬ್ಬೆರಳು ಒಡೆದಿದೆ. ಕಲ್ಲು ರಸ್ತೆಯಲ್ಲಿಲ್ಲ, ಅಂಗಳದಲ್ಲಿದೆ, ಹಾಗಾಗಿ ಯಾರ ಹಿಮ್ಮಡಿಗೂ ಗೊತ್ತಾಗಿಲ್ಲ. ಕಾಳಪ್ಪನವರ ಆಳುಗಳು ಸೋಮವಾರದಿಂದ ಹಾರೆ ಹಿಡಿದು ಉಬ್ಬು ಹುಡುಕುತ್ತಾ ಅವನ ಬೀದಿಯಲ್ಲೇ ಅಲೆಯುತ್ತಿದ್ದರು. "ಹೋಗಿ ಒಂದು ಲೋಟ ಮಜ್ಜಿಗೆ ಕೊಟ್ಟು ಕೇಳು" ಅಂದೆ. ಅವನ ಆಚೆ ಒಬ್ಬ ಮದುವೆ ಗಂಡು, ಹೆಸರು ಕೆಂಚರಾಜು, ಬೀದಿಯಲ್ಲಿ ಚಪ್ಪರ ಹಾಕಲು ಅಪ್ಪಣೆ ಬೇಕು. ಕಂಬಕ್ಕೆ ಗುಂಡಿ ತೋಡಿದರೆ ಮದುವೆ ಮುಗಿಯುವ ತನಕ ಕಾಳಪ್ಪನವರು ಕಾಲೂರುವ ಹಾಗಿಲ್ಲ, ಅದಕ್ಕೇ ಅವರು ಚಪ್ಪರ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಎಣ್ಣೆ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ಕಂಬ ನಿಲ್ಲಿಸ್ತೀನಿ, ನೆಲ ಮುಟ್ಟಲ್ಲ ಅಂತ ಹೇಳಪ್ಪ. ಊಟಕ್ಕೂ ಕರಿ." ಹುಡುಗ ಓಡಿದ.

ಬೆಂಚು ಖಾಲಿಯಾಯಿತು. ನನ್ನ ಗಂಟಲು ಮಳೆ ನಿಂತ ಮೇಲಿನ ಹೆಂಚಿನ ಹಾಗೆ ಸುಮ್ಮನಾಯಿತು. ಆಗ ನನಗೆ ತಿಳಿಯಿತು. ನಮ್ಮೂರಲ್ಲಿ ನೋವಾಗುವ ಕೆಲಸಗಳೆಲ್ಲ ಆಗುತ್ತಿದ್ದವು. ಯಾರಿಗೂ ನೋವಾಗದ ಕೆಲಸಗಳು ವರಾಂಡದಲ್ಲಿ ಕೂತು ಕಾಯುತ್ತಿದ್ದವು. ಕಾಯುವವರು ಮನಸ್ಸಿನಲ್ಲಿ ಯಾರನ್ನೋ ನೆನೆಯುತ್ತಿದ್ದರು, ಆ ಯಾರೋ ಅನ್ನುವವರು ಇಲ್ಲದೆ ಅದು ನನ್ನ ಗಂಟಲಿಗೆ ಬಂದು ತಾಗುತ್ತಿತ್ತು. ಊಟದ ಹೊತ್ತಿಗೆ ನಿಲ್ಲುತ್ತಿದ್ದುದೂ ಅದಕ್ಕೇ, ಆಗ ಎಲ್ಲರೂ ಮನೆಗೆ ಹೋಗಿ ಮುದ್ದೆಯನ್ನು ನೆನೆಯುತ್ತಿದ್ದರು.

ತಿಳಿದಾಗ ಆದ ಖುಷಿ ಮನೆ ಮುಟ್ಟುವಷ್ಟರಲ್ಲಿ ಆರಿಹೋಯಿತು. ವರಾಂಡಕ್ಕೆ ಇಲಾಖೆ ಇಲ್ಲ. ಇಲಾಖೆ ಇಲ್ಲದ ನೋವಿಗೆ ಹುದ್ದೆ ಎಲ್ಲಿಂದ ಬರಬೇಕು? ಗುರುವಾರದ ಕುರ್ಚಿಯ ನೋವೂ ಶುಕ್ರವಾರದ ಕುರ್ಚಿಯ ನೋವೂ ನನಗೆ ಹಿಡಿಯಲಿಲ್ಲ. ಶುಕ್ರವಾರ ಸಂಜೆ ಜಗಲಿಯಲ್ಲಿ ಕೂತು ಗುಂಡತ್ತೆಗೆ ಎಲ್ಲ ಹೇಳಿದೆ. ಅವರು ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದರು. "ಹುಚ್ಚಿ! ಮೂರು ಮೂರು ಜನ ನಮ್ಮೋಳು ನಮ್ಮೋಳು ಅಂತ ಎಳೀತಿದ್ದಾರೆ. ಬಾಯಿ ಮುಚ್ಕೊಂಡು ನೀರಿನ ಇಲಾಖೆ ಅನ್ನು. ನನ್ನ ಕುರ್ಚಿ ಕಣೇ ಅದು."

"ಅತ್ತೆ, ನನಗೆ ಬಾಯಾರಲಿಲ್ಲ."

"ಸುಮ್ನೆ ಚೊಂಬು ಹಿಡ್ಕೊಂಡು ಓಡಾಡು, ಯಾರಿಗೆ ಗೊತ್ತಾಗುತ್ತೆ?"

"ಮೇಲಿನ ಕೇರಿಯಲ್ಲಿ ನಲ್ಲಿ ಒಣಗಿದರೆ?"

ಗುಂಡತ್ತೆ ಕೈಯಲ್ಲಿದ್ದ ಚಕ್ಕುಲಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಮೇಲಿನ ಕೇರಿಯ ನಲ್ಲಿ ಒಣಗಿದ ಒಂದು ಬೇಸಿಗೆ ಅವರು ಊಟದ ಎಲೆ ಬಿಟ್ಟು ಎದ್ದು ಓಡಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಕೊನೆಗೆ, "ನಿನ್ನ ಹೊಟ್ಟೆಪಾಡು, ನಿನ್ನ ಮನಸ್ಸು. ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ" ಅಂತ ಹೇಳಿ ಚಕ್ಕುಲಿಯನ್ನು ನನ್ನ ಕೈಗಿಟ್ಟರು.

ಶನಿವಾರ. ಅಮಲ್ದಾರ್ ನಂಜುಂಡಾರಾಧ್ಯರ ಕೋಣೆ. ಅವರ ಕುರ್ಚಿಯ ನೋವು ಕಿವಿಯದು, ಎದುರಿಗೆ ಯಾರಾದರೂ ಸುಳ್ಳು ಹೇಳಿದರೆ ಕಿವಿ ತುರಿಸುತ್ತದೆ. ಅದಕ್ಕೇ ಬಲಗಿವಿ ಯಾವಾಗಲೂ ದಾಸವಾಳದಷ್ಟು ಕೆಂಪು. ಕಾಳಪ್ಪನವರು ಶುರು ಮಾಡಿದರು. "ಬುದ್ಧೀ, ಈಯಮ್ಮ ಬಿಕ್ಕಳಿಸಿದ ಕಡೆಯೆಲ್ಲ ಉಬ್ಬು ಸಿಕ್ಕದೆ, ಒಂದೂ ತಪ್ಪಿಲ್ಲ." ಅಮಲ್ದಾರರು ಕಿವಿ ಕೆರೆದುಕೊಂಡರು. "ಉಬ್ಬಾ? ನಮ್ಮ ಬುಗುರಿ ನೋಡಿದ್ರಾ ಸ್ವಾಮಿ? ಇಂಥಾ ಕೈಗುಣ ಗುಂಡಮ್ಮನವರಿಗೂ ಇರಲಿಲ್ಲ" ಅಂತ ಸಣ್ಣರಂಗಯ್ಯನವರು ಒಂದು ಚೊಂಬು ನೀರು ಗಟಗಟ ಕುಡಿದರು. ಅಮಲ್ದಾರರು ಇನ್ನೊಂದು ಕಿವಿಗೂ ಕೈ ಹಾಕಿದರು. ಮಹದೇವಮ್ಮನವರು ಬೀರುವನ್ನೇ ಅಮಲ್ದಾರರು ಅಂತ ತಿಳಿದು ಅದಕ್ಕೆ ಕೈಮುಗಿದು, "ದೀಪದ ಹುಡುಗಿ ಸಾರ್ ಇವಳು, ಹುಟ್ಟಿನಿಂದಲೇ" ಅಂದರು. "ಸಾಕು, ಸಾಕ್ರಮ್ಮ, ರಕ್ತ ಬರುತ್ತೆ!" ಅಂತ ಅಮಲ್ದಾರರು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಹೇಳಿ. ಯಾವುದು ನಿಮ್ಮದು?"

ಕಿವಿ ಏನು ಹೇಳಿದರೂ ಇಲಾಖೆಯ ಮುಖ್ಯಸ್ಥರು ಒಪ್ಪಿದ್ದರೆ ಅಮಲ್ದಾರರು ಬರೆದುಕೊಡಲೇಬೇಕು, ಅದು ನಿಯಮ. ಅದು ನನಗೂ ಗೊತ್ತಿತ್ತು. "ನೀರು" ಅಂತ ಒಂದು ಮಾತು ಸಾಕಿತ್ತು. ನನ್ನ ಮಿಷಿನ್ನು, ಅದರ ಮೇಲೆ ತೆರೆದಿಟ್ಟ ಪುಸ್ತಕ, ಪಾಯಸ ಬಡಿಸಿದ ನಾದಿನಿಯರ ಮುಖ ಎಲ್ಲ ಕಣ್ಣಮುಂದೆ ಬಂತು. ಹಿಕ್ ಅಂತು. ಹೊರಗೆ ಬೆಂಚು ತುಂಬಿತ್ತು.

"ಯಾವುದೂ ನನ್ನದಲ್ಲ ಸಾರ್" ಅಂದೆ. "ಕಾಳಪ್ಪನವರು ನೋವು ಅಂತ ಕುಸಿದಾಗ ನಾನು ಅವರ ಕುರ್ಚಿಯಲ್ಲೇ ಇದ್ದೆ, ನನಗೆ ಏನೂ ಆಗಲಿಲ್ಲ. ಬಾಯಾರಲಿಲ್ಲ, ಕಣ್ಣೂ ಮಂಜಾಗಲಿಲ್ಲ. ನನಗೆ ಹಿಡಿದಿರೋದು ವರಾಂಡ. ಅಲ್ಲಿ ಕೂತವರು ಯಾರನ್ನ ಕೇಳಬೇಕು ಅಂತ ನೆನೆಸಿಕೊಂಡಾಗಲೆಲ್ಲ ನನಗೆ ಹೀಗಾಗುತ್ತೆ. ಅದಕ್ಕೆ ಇಲಾಖೆ ಇಲ್ಲ ಅಂತಾನೂ ಗೊತ್ತು. ನನಗೆ ರಸ್ತೆ ಕೊಟ್ಟರೆ ನನ್ನ ಪಾಲಿನ ಗುಂಡಿಗಳನ್ನ ಯಾರ ಹಿಮ್ಮಡೀಲಿ ಹುಡುಕ್ತೀರಿ?"

ಮೂವರೂ ಮುಖ ಮುಖ ನೋಡಿಕೊಂಡರು, ಮಹದೇವಮ್ಮನವರು ಬೀರುವಿನ ಮುಖ ನೋಡಿದರು. ಅಮಲ್ದಾರರ ಕೈ ಅಭ್ಯಾಸಬಲದಿಂದ ಕಿವಿಯ ತನಕ ಹೋಯಿತು, ಹೋಗಿ ಅಲ್ಲೇ ನಿಂತಿತು. ಅವರು ತುಂಬ ಹೊತ್ತು ಕಾದರು. ಕಿವಿ ತಣ್ಣಗಿತ್ತು.

"ತುರಿಸ್ತಾ ಇಲ್ಲ" ಅಂದರು, ಸ್ವಲ್ಪ ಹೆದರಿಕೊಂಡವರ ಹಾಗೆ. ಎದ್ದು ಬಾಗಿಲು ತೆರೆದು ಬೆಂಚಿನ ಮುಂದೆ ನಿಂತರು. "ನೀವೆಲ್ಲ ಸ್ವಲ್ಪ ಹೊತ್ತು ಎದ್ದು ಅಂಗಳಕ್ಕೆ ಹೋಗಿ, ಬೇರೆ ಏನಾದ್ರೂ ಮಾತಾಡಿಕೊಳ್ಳಿ." ಜನ ಅಂಗಳಕ್ಕಿಳಿದು ಕೆಂಚರಾಜುವಿನ ಮದುವೆಯ ಊಟದ ಮಾತು ತೆಗೆದರು. ನನ್ನ ಬಿಕ್ಕಳಿಕೆ ನಿಂತಿತು. ವಾಪಸು ಬಂದು ಕೂತರು. ಹಿಕ್. "ಪರೀಕ್ಷೆ ಪಾಸಾದವರು ಯಾರೂ ಈ ಬೆಂಚಿನ ಮೇಲೆ ಕೂತ ಹಾಗೇ ಇಲ್ಲ" ಅಂತ ಅಮಲ್ದಾರರು ತಮ್ಮಷ್ಟಕ್ಕೆ ಹೇಳಿಕೊಂಡರು. "ಬರೋರು ಎಲ್ಲ ನೇರವಾಗಿ ಒಳಗೇ ಬರ್ತಾರೆ. ನಾನೂ ಹಾಗೇ ಬಂದೆ." ಆಮೇಲೆ ಗಂಟಲು ಸರಿಮಾಡಿಕೊಂಡರು. "ನೋವು ಎಲ್ಲಿದೆಯೋ ಹುದ್ದೆ ಅಲ್ಲಿದೆ. ಇದೇ ನಮ್ಮ ಮೊದಲನೇ ನಿಯಮ. ಕಾಳಪ್ಪ, ಈಯಮ್ಮನಿಗೆ ಒಂದು ಕುರ್ಚಿ ತರಿಸಿ."

"ಕುರ್ಚಿ ಯಾಕ್ರಪ್ಪಾ?" ಅಂತ ಮಾಳಿಗೆಯಿಂದ ಸಂಡಿಗೆ ಮೊರ ಹಿಡಿದು ಇಳಿಯುತ್ತಿದ್ದ ಈರಮ್ಮಜ್ಜಿ ಮೆಟ್ಟಿಲ ಮೇಲೇ ನಿಂತು ಕೇಳಿದಳು. "ಕುರ್ಚಿ ಕೊಟ್ರೆ ಅದಕ್ಕೊಂದು ಕೋಣೆ ಕಟ್ತೀರ. ಕೋಣೆ ಕಟ್ಟಿದ್ರೆ ಅದರ ಮುಂದೆ ಇನ್ನೊಂದು ಬೆಂಚು ಹಾಕ್ತೀರ. ಇಲ್ಲೇ ಕುಂತ್ಕೊಳ್ಳಲಿ. ಏಯ್ ಮುದ್ದಪ್ಪ, ಸರ್ಕೊಳ್ಳೋ, ಕೆಲಸ ಆದ್ರೂ ಬಂದು ಕುಂತವ್ನೆ."

ಮುದ್ದಪ್ಪ ಸರಿದ. ನಾನು ಕೂತೆ. ಒಬ್ಬೊಬ್ಬರದೇ ಮಾತು ಕೇಳುತ್ತಾ, ಗೊತ್ತಿದ್ದದ್ದನ್ನು ಹೇಳುತ್ತಾ, ಗೊತ್ತಿಲ್ಲದ್ದಕ್ಕೆ ಎದ್ದು ಕೋಣೆಗಳಿಗೆ ಹೋಗಿ ಕೇಳಿಕೊಂಡು ಬರುತ್ತಾ ಇದ್ದೆ. ನಡುವೆ ಗುಂಡತ್ತೆ ಸುದ್ದಿ ಕೇಳಿ ಓಡಿಬಂದು, ಬೆಂಚನ್ನು ಮೇಲೆ ಕೆಳಗೆ ನೋಡಿ, "ದಿಂಬಾದ್ರೂ ಒಂದು ಕೊಡಿಸ್ರಪ್ಪ" ಅಂತ ಜಗಳ ತೆಗೆದು, ನನ್ನ ಬಾಯಿಗೆ ಒಂದು ಉಂಡೆ ತುರುಕಿ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಬೆಂಚಿನ ಮೇಲೆ ನಾನೊಬ್ಬಳೇ. ಸೀರೆ ಕೊಡವಿಕೊಂಡು ಎದ್ದೆ.

ಹಿಕ್.

ಅತ್ತ ಇತ್ತ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಹಿಕ್. ತಿರುಗಿದರೆ ಕಂಬದ ಮರೆಯಲ್ಲಿ ಅಮಲ್ದಾರ್ ನಂಜುಂಡಾರಾಧ್ಯರು ನಿಂತಿದ್ದರು. ಕೈ ಕಟ್ಟಿಕೊಂಡು, ಸರದಿ ಬಂತೋ ಇಲ್ಲವೋ ಅಂತ ಅನುಮಾನದಲ್ಲಿರುವ ಎಲ್ಲರೂ ನಿಲ್ಲುವ ಹಾಗೆಯೇ.

"ಏನು ಸಾರ್?" ಅಂದೆ.

ಅವರು ಹಿಂದೆ ಮುಂದೆ ನೋಡಿದರು. ಬಂದು ನನ್ನ ಪಕ್ಕ, ಬೆಂಚಿನ ತೀರಾ ತುದಿಯಲ್ಲಿ ಕೂತರು. "ಏನಿಲ್ಲ ವನಜಾಕ್ಷಮ್ಮ" ಅಂತ ಪಿಸುಗುಟ್ಟಿದರು, "ನನ್ನ ಕೋಣೇಲಿರೋ ಫ್ಯಾನು ನಾನು ಈ ಊರಿಗೆ ಬಂದಾಗಿನಿಂದ ತಿರುಗ್ತಾ ಇಲ್ಲ. ಯಾರಿಗೆ ಹೇಳಬೇಕು ಅಂತ..."